ಹೂ ಬೇಕಾ, ಹಣ್ಣು ಬೇಕಾ

ನನ್ನನ್ನು ಯಾರೂ ‘ಇದು ಬೇಕಾ, ಅದು ಬೇಕಾ’ ಎಂದು ಕೇಳಬಾರದು. ಹೋಟೆಲಿನಲ್ಲಿ ಮಾಣಿ ಬಂದು “ಕಾಫಿಯಾ, ಚಾವಾ?” ಎಂದರೆ ನಾನು ನಮ್ಮ ಯಜಮಾನರ ಮುಖ ನೋಡುತ್ತೇನೆ. ಅವರು “ಇವಳಿಗೆ ಎರಡನ್ನೂ ಒಂದೇ ಲೋಟಕ್ಕೆ ಹಾಕಿ ತಾ ಮಾರಾಯ” ಎಂದು ನಗುತ್ತಾರೆ. ಸೀರೆಯಂಗಡಿಯಲ್ಲಿ ಎರಡು ಸೀರೆ ಹರಡಿ ಯಾವುದು ಕಟ್ಟಲಿ ಎಂದು ಕೇಳಿದರೆ ಎರಡನ್ನೂ ಅಲ್ಲೇ ಬಿಟ್ಟು ಎದ್ದು ಬಂದದ್ದುಂಟು. ಹಲ್ಲಿನ ಡಾಕ್ಟರು ಎಡಗಡೆಯದನ್ನು ಮೊದಲು ತೆಗೆಯಲಾ, ಬಲಗಡೆಯದನ್ನಾ ಎಂದಾಗ “ನಿಮಗೆ ಹೇಗೆ ಕಾಣ್ತದೋ ಹಾಗೆ” ಎಂದುಬಿಟ್ಟೆ. ಬಾಯಿ ಯಾರದ್ದು ಎಂದು ಆ ಡಾಕ್ಟರ್ ಹುಡುಗನಿಗೇ ಅನುಮಾನ ಬಂದಿರಬೇಕು.

ಮೊನ್ನೆ ಸಂಜೆ ನಮ್ಮ ಮಂಗಳೂರಿನ ಫ್ಲಾಟಿನ ಕೆಳಗೆ ಗೇಟಿನ ಹತ್ತಿರ ನಿಂತಿದ್ದೆ. ಇಬ್ಬರು ಹುಡುಗಿಯರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ನೇರ ನನ್ನ ಮುಂದೆ ಬಂದು ನಿಂತರು. “ಆಂಟಿ, ನಮ್ಮ ಲೀಡರ್ ಬರ್ಲಿಲ್ಲ, ನೀವೇ ಹೇಳಿ. ಹೂ ಬೇಕಾ, ಹಣ್ಣು ಬೇಕಾ?” ಅವರ ಕಣ್ಣಲ್ಲಿ ಎಂಥ ಹುರುಪು! ನಾನು ಫೋನು ಬಂದವಳಂತೆ ನಟಿಸಿ ಒಳಗೆ ಬಂದೆ. ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡರೆ ಫೋನು ಕೈಯಲ್ಲಿರಲೇ ಇಲ್ಲ, ಬರಿಗೈಯನ್ನೇ ಕಿವಿಗೆ ಹಿಡಿದಿದ್ದೆ.

ಈ ಹೂ-ಹಣ್ಣಿನ ವಿದ್ಯೆ ನಿಮಗೂ ಗೊತ್ತಿರಬಹುದು. ಆಟಕ್ಕೆ ಎರಡು ತಂಡ ಆಗಬೇಕು. ಇಬ್ಬರು ಲೀಡರುಗಳು ನಿಲ್ಲುತ್ತಾರೆ. ಉಳಿದವರು ಜೋಡಿಜೋಡಿಯಾಗಿ ಮರೆಗೆ ಹೋಗಿ ಗುಟ್ಟಿನಲ್ಲಿ ಒಂದೊಂದು ಹೆಸರಿಟ್ಟುಕೊಳ್ಳುತ್ತಾರೆ, ಬಂದು ಲೀಡರಿನ ಮುಂದೆ ಆ ಎರಡು ಹೆಸರು ಹೇಳುತ್ತಾರೆ. ಲೀಡರು ಹಣ್ಣು ಎಂದರೆ ಹಣ್ಣಾದವಳು ಈಚೆಗೆ, ಹೂವಾದವಳು ಆಚೆಗೆ. ಯಾರು ಯಾರೆಂದು ಲೀಡರಿಗೆ ಗೊತ್ತಿಲ್ಲ, ಹಾಗಾಗಿ ಯಾರಿಗೂ ಅವಮಾನವಿಲ್ಲ. ಇದನ್ನು ಕಂಡುಹಿಡಿದ ಮಗು ನನ್ನ ಹಾಗೇ ದಪ್ಪಗಿದ್ದಿರಬೇಕು ಎಂದು ನನ್ನ ನಂಬಿಕೆ.

ಯಾಕೆಂದರೆ ನಾನು ನಮ್ಮೂರ ಶಾಲೆಯ ‘ಬಟಾಟೆ ಸುಮತಿ’. ಹೆಸರು ಕರೆದು ಆರಿಸುವ ದಿನ ಎಲ್ಲರೂ ಮುಗಿದು ಕೊನೆಗೆ ನಾನು, ಕುಂಟುತ್ತಿದ್ದ ಒಬ್ಬ ಹುಡುಗ ಮತ್ತು ಬಾವಿಕಟ್ಟೆ ಉಳಿಯುತ್ತಿದ್ದೆವು. ಹುಡುಗನನ್ನೂ ಕರೆಯುತ್ತಿದ್ದರು. ಹೂ-ಹಣ್ಣಿನ ದಿನ ಮಾತ್ರ ನನಗೆ ಮಾನ. ಅಲ್ಲಿಯೂ ನನ್ನ ಹೊಟ್ಟೆಯೇ ನನಗೆ ಶತ್ರುವಾಯಿತೆನ್ನಿ. ಜೊತೆಗಾತಿ ಲೀಲಾ ನಕ್ಷತ್ರ ಎಂದೋ ನವಿಲು ಎಂದೋ ಇಟ್ಟುಕೊಂಡರೆ ನಾನು ಪೋಡಿ, ಗೋಳಿಬಜೆ, ಹಲಸಿನಹಣ್ಣು ಹೀಗೆ ತಿನ್ನುವ ಪದಾರ್ಥ ಬಿಟ್ಟು ಬೇರೆ ಹೆಸರಿಡುತ್ತಿರಲಿಲ್ಲ. ಲೀಡರುಗಳಿಗೆ ಅದು ತಿಳಿದುಹೋಯಿತು. “ನಕ್ಷತ್ರ ಬೇಕಾ, ಗೋಳಿಬಜೆ ಬೇಕಾ?” ಎಂದರೆ ಇಡೀ ಶಾಲೆ “ನಕ್ಷತ್ರ!” ಎಂದು ಕೂಗುತ್ತಿತ್ತು.

ಇಂಥ ನಾನು ದೈಹಿಕ ಶಿಕ್ಷಣದ ಟೀಚರ್ ಆದದ್ದು ದೇವರ ತಮಾಷೆ. ಮದುವೆಯಾಗಿ ಅಬುಧಾಬಿಗೆ ಹೋದೆ. ಯಜಮಾನರಿಗೆ ಬನಿಯಾಸ್ ಕಡೆಯ ಒಂದು ಆಫೀಸಿನಲ್ಲಿ ಕೆಲಸ. ಹತ್ತಿರದ ಭಾರತೀಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ನಡುವರ್ಷದಲ್ಲಿ ಬಿಟ್ಟುಹೋಗಿದ್ದಳು. ನನ್ನ ಹತ್ತಿರ ಒಂದು ಡಿಗ್ರಿಯೂ ಎನ್‌ಸಿಸಿಯ ಒಂದು ಸರ್ಟಿಫಿಕೇಟೂ ಇದ್ದವು. ಪ್ರಿನ್ಸಿಪಾಲರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನೀವು ಓಡಬೇಕಾಗಿಲ್ಲ, ಓಡಿಸಿದರೆ ಸಾಕು” ಎಂದರು.

ಮೊದಲ ಎರಡು ವರ್ಷ ನಾನು ಓಡಿಸಲೂ ಇಲ್ಲ, ಡ್ರಿಲ್ ಮಾಡಿಸಿದೆ. ತಗಡಿನ ಮಾಡಿನ ಕೆಳಗೆ ಸಾಲು ನಿಲ್ಲಿಸಿ ಕೈ ಮೇಲೆ, ಕೈ ಕೆಳಗೆ. ಆಚೆ ಮರಳು ಬೆಂಕಿಯಾಗಿರುತ್ತಿತ್ತು, ಈಚೆ ಮಕ್ಕಳು ನಿದ್ದೆಗಣ್ಣಿನಲ್ಲಿ ಕೈಯೆತ್ತುತ್ತಿದ್ದರು. ಆಮೇಲೊಂದು ದಿನ ದುಬೈಯಿಂದ ಒಬ್ಬ ಬಿಳಿಯ ತರಬೇತಿದಾರ ಬಂದ. ಎಲ್ಲ ಶಾಲೆಗಳ ಪಿ.ಟಿ. ಟೀಚರುಗಳನ್ನು ಕೂಡಿಸಿ ಡ್ರಿಲ್ ಬಿಡಿ, ಆಟ ಆಡಿಸಿ ಎಂದ. ಎಸೆಯುವುದನ್ನು ಬೇರೆ, ಓಡುವುದನ್ನು ಬೇರೆ ಕಲಿಸಬೇಕಾಗಿಲ್ಲವಂತೆ, ಆಟದ ಒಳಗೇ ಮಗು ಎರಡನ್ನೂ ಕಲಿಯುತ್ತದಂತೆ. ಟೀಚರ್ ಮಾಡಬೇಕಾದ್ದು ಒಂದೇ ಕೆಲಸ. ಆಟ ಒಂದು ಕಡೆಗೆ ವಾಲುತ್ತಿದೆ ಎನಿಸಿದ ಕೂಡಲೇ ಸೀಟಿ ಊದಿ ನಿಲ್ಲಿಸಬೇಕು. ಗೆರೆ ಬದಲಿಸಿ, ಚೆಂಡು ಬದಲಿಸಿ, ಬೇಕಾದರೆ ಆಟಗಾರರನ್ನೇ ಬದಲಿಸಿ, ಮತ್ತೆ ಆಡಿಸಬೇಕು. ಸೋಲುವುದು ಖಂಡಿತ ಎಂದು ಗೊತ್ತಾದ ಮಗು ಆ ನಿಮಿಷದಿಂದ ಏನೂ ಕಲಿಯುವುದಿಲ್ಲ ಎಂದ.

ನನಗೆ ಆ ಮಾತು ಮಂತ್ರೋಪದೇಶದ ಹಾಗೆ ಕೇಳಿಸಿತು. ಮಾರನೆಯ ವಾರವೇ ಲಗೋರಿ ಶುರುಮಾಡಿದೆ. ಮರಳುಗಾಡಿನಲ್ಲಿ ಚಪ್ಪಟೆ ಕಲ್ಲೆಲ್ಲಿ? ಪಕ್ಕದಲ್ಲಿ ಕಟ್ಟುತ್ತಿದ್ದ ಕಟ್ಟಡದ ಮೇಸ್ತ್ರಿಯನ್ನು ಕೇಳಿ ಮಾರ್ಬಲ್ಲಿನ ಏಳು ಚೂರು ತಂದೆ. ತಂಡದ ಗುರುತಿಗೆ ಕೊರಳಿಗೆ ಹಾಕಲು ನೀಲಿ ಪಟ್ಟಿ, ಹಳದಿ ಪಟ್ಟಿ ಹೊಲಿಸಿದೆ. ತಂಡ ಆರಿಸಲು ನಮ್ಮೂರಿನ ಹೂ-ಹಣ್ಣು. ಮಲಯಾಳಿ, ಪಂಜಾಬಿ, ಪಾಕಿಸ್ತಾನಿ ಮಕ್ಕಳೆಲ್ಲ ವಾಟರ್ ಕೂಲರಿನ ಹಿಂದೆ ಹೋಗಿ ಪಿಸುಗುಟ್ಟಿ ಬಂದು “ಪೆಪ್ಸಿ ಆರ್ ಸೆವೆನಪ್?” ಎಂದು ಕೇಳುವುದನ್ನು ನೋಡಬೇಕಿತ್ತು! ಒಂದು ಕಾಯಿದೆ ನಾನೇ ಮಾಡಿದೆ. ಟೀಚರ್ ಆಟದ ಮಧ್ಯೆ ಯಾರನ್ನು ಬೇಕಾದರೂ ಆಚೀಚೆ ಮಾಡಬಹುದು, ಕೊನೆಯ ಸೀಟಿ ಊದುವಾಗ ನೀವು ಯಾವ ಪಟ್ಟಿಯಲ್ಲಿದ್ದೀರೋ ಅದೇ ನಿಮ್ಮ ತಂಡ, ಅದರ ಮೇಲೆ ಚರ್ಚೆಯಿಲ್ಲ, ಖಲಾಸ್. ಮಕ್ಕಳು ಅದನ್ನು ದೇವರ ಮಾತಿನಂತೆ ಪಾಲಿಸಿದರು. ಬೇರೆ ಶಾಲೆಗಳಿಂದ ಟೀಚರುಗಳು ಬಂದು ನನ್ನ ಪಿರಿಯಡ್ ನೋಡಿಹೋದರು. ಬಟಾಟೆಗೆ ಕೋಡು ಮೂಡಿತು.

ಆ ವರ್ಷ ಐದನೆಯ ಕ್ಲಾಸಿನಲ್ಲಿ ಇಬ್ಬರು ಅವಳಿ ಹುಡುಗಿಯರಿದ್ದರು, ಸಫಾ ಮತ್ತು ಮರ್ವಾ. ಉಪ್ಪಿನಂಗಡಿ ಕಡೆಯ ಬ್ಯಾರಿಗಳ ಮಕ್ಕಳು. ತಂದೆ ಹಮೀದ್ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್, ತಾಯಿ ಜೋಹರಾ. ಪೇರೆಂಟ್ಸ್ ಮೀಟಿಂಗಿಗೆ ಬಂದಾಗಲೆಲ್ಲ ಜೋಹರಾ ನನಗೆಂದು ಡಬ್ಬಿಯಲ್ಲಿ ಪತ್ತಿರಿ, ಅವರ ಅಕ್ಕಿರೊಟ್ಟಿ, ತರುತ್ತಿದ್ದಳು. ಸಫಾ ಮರ್ವಾ ಎಂದರೆ ಮಕ್ಕಾದಲ್ಲಿರುವ ಎರಡು ಗುಡ್ಡಗಳ ಹೆಸರೆಂದೂ ಹಜ್ಜಿಗೆ ಹೋದವರು ಒಂದರಿಂದ ಇನ್ನೊಂದಕ್ಕೆ ಏಳು ಸಲ ನಡೆಯುತ್ತಾರೆಂದೂ ಅವಳೇ ನನಗೆ ಹೇಳಿದ್ದು. “ನನಗೆ ಇವರಿಬ್ಬರ ಹಿಂದೆ ದಿನಾ ಎಪ್ಪತ್ತು ಸಲ ಓಡ್ಲಿಕ್ಕುಂಟು ಟೀಚರೇ” ಎಂದು ನಗುತ್ತಿದ್ದಳು.

ಇಬ್ಬರದ್ದೂ ಒಂದೇ ಮುಖ. ಸಫಾಳ ಗಲ್ಲದ ಮೇಲೊಂದು ಸಣ್ಣ ಮಚ್ಚೆ ಇತ್ತು, ಅದೇ ಗುರುತು. ಆಟದಲ್ಲಿ ಮಾತ್ರ ಅಜಗಜಾಂತರ. ಸಫಾಳ ಕೈಯಿಂದ ಚೆಂಡು ಹೊರಟರೆ ಏಳು ಕಲ್ಲೂ ಚೆಲ್ಲಾಪಿಲ್ಲಿ. ಮರ್ವಾ ನನ್ನ ಜಾತಿಯವಳು, ಓಡಿದರೆ ನಾಲ್ಕು ಹೆಜ್ಜೆಗೆ ಏದುಸಿರು. ಆದರೂ ಅವರಿಬ್ಬರೇ ಯಾವಾಗಲೂ ಜೋಡಿ. ಆಟ ವಾಲಿದಾಗ ನಾನು ಹೆಚ್ಚಾಗಿ ಇವರಿಬ್ಬರನ್ನೇ ಅದಲುಬದಲು ಮಾಡುತ್ತಿದ್ದೆ. ಬೇರೆ ಮಕ್ಕಳನ್ನು ಕದಲಿಸಿದರೆ ಗೆಳತಿಯನ್ನು ಬಿಟ್ಟುಹೋಗಬೇಕೆಂದು ಮೂತಿ ಊದಿಸುತ್ತಿದ್ದರು. ಇವರದ್ದು ತಕರಾರಿಲ್ಲ, ನಗುತ್ತ ಗೆರೆ ದಾಟುತ್ತಿದ್ದರು. ನನಗೂ ಕೆಲಸ ಸಲೀಸು. ಮುಖ ಒಂದೇ ಆದ ಮೇಲೆ ಯಾರು ಎಲ್ಲಿದ್ದರೇನು ಎಂಬ ಸೋಮಾರಿತನ ಅದು.

ಫೆಬ್ರವರಿಯ ಒಂದು ಬುಧವಾರ. ಆಗ ಅಲ್ಲಿ ಶಾಲೆಗೆ ಗುರುವಾರ, ಶುಕ್ರವಾರ ರಜೆ, ಹಾಗಾಗಿ ಅದು ವಾರದ ಕೊನೆಯ ಪಿರಿಯಡ್. ಸಫಾ, ಮರ್ವಾ ಹೆಸರಿಟ್ಟುಕೊಳ್ಳಲು ಕೂಲರಿನ ಹಿಂದೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. “ಯಲ್ಲಾ, ಯಲ್ಲಾ! ಎಂತ ಅಷ್ಟೊತ್ತು? ಮದುವೆ ಮಾತುಕತೆಯಾ?” ಎಂದು ನಾನು ಕೂಗಿದೆ, ಮಕ್ಕಳೆಲ್ಲ ನಕ್ಕರು. ಇಬ್ಬರೂ ಬಂದು ಹಳದಿ ತಂಡದ ಲೀಡರಿನ ಮುಂದೆ ನಿಂತರು. “ಸ್ಕೈ ಆರ್ ಸೀ?” ಲೀಡರ್ ಹುಡುಗಿ ಸಮುದ್ರ ಬೇಕೆಂದಳು. ಸಮುದ್ರವಾಗಿದ್ದವಳು ಸಫಾ. ಅವಳು ಹಳದಿ ಪಟ್ಟಿ ಹಾಕಿಕೊಂಡಳು, ಮರ್ವಾ ನೀಲಿ.

ಹದಿನೈದು ನಿಮಿಷದಲ್ಲಿ ಹಳದಿಯವರು ನೀಲಿಯವರನ್ನು ಅರೆದು ಹಾಕಿದರು. ನೀಲಿಯಲ್ಲಿದ್ದ ಒಂದು ಪುಟ್ಟ ಹುಡುಗಿ ಆಟ ಬಿಟ್ಟು ತಗಡಿನ ಮಾಡನ್ನು ನೋಡುತ್ತ ನಿಂತಿತ್ತು. ನನಗೆ ತರಬೇತಿದಾರನ ಮಾತು ನೆನಪಾಯಿತು. ಸೀಟಿ ಊದಿದೆ.

“ಸಫಾ ಆಚೆ, ಮರ್ವಾ ಈಚೆ.”

ಸಫಾ ನಿಂತಲ್ಲೇ ನಿಂತಳು. ಮರ್ವಾ ಎರಡು ಹೆಜ್ಜೆ ಹಿಂದೆ ಸರಿದು, “ಟೀಚರ್, ಇವತ್ತು ಬೇಡ” ಎಂದಳು.

“ಎಂತ ಬೇಡ? ದಿನಾ ಬದಲಾಗುದಿಲ್ವಾ ನೀವು?”

“ಇವತ್ತು ಒಂದಿನ ಬೇಡ ಟೀಚರ್. ಪ್ಲೀಸ್.”

ನನಗೆ ರೇಗಿತು. ಗಂಟೆ ಹೊಡೆಯಲು ಐದೇ ನಿಮಿಷವಿತ್ತು, ಆ ದಿನ ಬೇರೆ ಶಾಲೆಯ ಇಬ್ಬರು ಟೀಚರುಗಳು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಮರ್ವಾಳ ರಟ್ಟೆ ಹಿಡಿದು ಎಳೆದು ಬಿಳಿಗೆರೆಯ ಈಚೆ ನಿಲ್ಲಿಸಿದೆ. ಸಫಾಳ ಕೊರಳಿನಿಂದ ಹಳದಿ ಪಟ್ಟಿ ತೆಗೆದು ಮರ್ವಾಳಿಗೆ, ಮರ್ವಾಳ ನೀಲಿಯನ್ನು ಸಫಾಳಿಗೆ ಹಾಕಿದೆ. ಸಫಾ ಆಗ ಬ್ಯಾರಿ ಭಾಷೆಯಲ್ಲಿ ತಂಗಿಗೆ ಏನೋ ಹೇಳಿ ತಾನಾಗಿಯೇ ಗೆರೆ ದಾಟಿ ಆಚೆಗೆ ಹೋದಳು. ನನಗೆ ಆ ಭಾಷೆ ಬರುವುದಿಲ್ಲ. ಮೊದಲಿನಿಂದ ಶುರುಮಾಡಿದ ಆಟ ಸಮಸಮವಾಗಿ ನಡೆದು ಗಂಟೆ ಹೊಡೆಯುವ ಹೊತ್ತಿಗೆ ನೀಲಿಯವರು ಒಂದು ಪಾಯಿಂಟಿನಲ್ಲಿ ಗೆದ್ದರು. ಕುರ್ಚಿಯಲ್ಲಿದ್ದ ಟೀಚರುಗಳು ಚಪ್ಪಾಳೆ ತಟ್ಟಿದರು. ನಾನು ಕೊನೆಯ ಸೀಟಿಯನ್ನು ಬಹಳ ಉದ್ದಕ್ಕೆ ಊದಿದೆ.

ಮಾರ್ಚಿನಲ್ಲಿ ಜೋಹರಾ ಟಿ.ಸಿ. ತೆಗೆದುಕೊಂಡು ಹೋಗಲು ಬಂದಳು. ಹಮೀದನಿಗೆ ದುಬೈ ಕಡೆಯ ಜೆಬೆಲ್ ಅಲಿಯ ಗೋದಾಮಿಗೆ ವರ್ಗವಾಗಿತ್ತು.

“ದುಬೈ ಶಾಲೆಯಲ್ಲಿ ಒಂದೇ ಸೀಟು ಸಿಕ್ಕಿದ್ದು ಟೀಚರೇ. ಎಷ್ಟು ಶಾಲೆಗೆ ಹೋದೆವು ಗೊತ್ತುಂಟಾ? ಎಲ್ಲ ಕಡೆ ವೆಯಿಟಿಂಗ್. ಮುಂದಿನ ವರ್ಷ ಇನ್ನೊಬ್ಬಳಿಗೂ ಕೊಡ್ತೇವೆ ಅಂದಿದ್ದಾರೆ. ಅಲ್ಲಿವರೆಗೆ ಒಬ್ಬಳು ಊರಲ್ಲಿ ನಮ್ಮ ಉಮ್ಮನ ಹತ್ರ, ಅಜ್ಜಿಮನೆಯಲ್ಲಿ.”

“ಊರಿಗೆ ಯಾರು ಹೋಗ್ತಾರೆ?”

“ಸಫಾ. ನಾನು ಯಾರನ್ನು ಹೋಗು ಅಂತ ಹೇಳುದು? ಹೆತ್ತವಳಲ್ವಾ? ಇವರೂ ನನ್ನಿಂದಾಗುದಿಲ್ಲ ಅಂದ್ರು. ಕೊನೆಗೆ ನೀವೇ ಮಾತಾಡಿ ಹೇಳಿ ಮಕ್ಕಳೇ ಅಂದೆವು. ಅವರೇ ತೀರ್ಮಾನ ಮಾಡಿದ್ರು.” ಅವಳು ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. “ಸಫಾ ಧೈರ್ಯದ ಹುಡುಗಿ. ಅವಳಿಗೆ ಸುಧಾರಿಸ್ತದೆ.”

ಒಂದು ವರ್ಷ ಎಂದರೆ ಎಷ್ಟು, ಕಣ್ಣುಮುಚ್ಚಿ ತೆಗೆಯುವುದರೊಳಗೆ ಹೋಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಆ ಸಲ ಜೋಹರಾ ಪತ್ತಿರಿ ತಂದಿರಲಿಲ್ಲ. ಅದನ್ನು ಗಮನಿಸಿದೆ, ಹೇಳಲು ನಾಚಿಕೆಯಾಗುತ್ತದೆ.

ಆ ಮಳೆಗಾಲದಲ್ಲಿ ಸಫಾ ತೀರಿಕೊಂಡಳು. ಮಲೇರಿಯಾ ತಲೆಗೆ ಏರಿತಂತೆ. ಸಾಮಾನ್ಯ ಜ್ವರವೆಂದು ಅಜ್ಜಿ ಗಂಜಿ, ಮಾತ್ರೆ ಕೊಟ್ಟು ಮಲಗಿಸಿದ್ದರು, ನಾಲ್ಕನೆಯ ದಿನ ಆಸ್ಪತ್ರೆಗೆ ಹೋಗುವಾಗ ಹೊತ್ತು ಮೀರಿತ್ತು. ಊರಿನಿಂದ ಫೋನು ಬಂದದ್ದು ಶುಕ್ರವಾರ. ಹಮೀದನ ಪಾಸ್‌ಪೋರ್ಟು ಎಲ್ಲರದ್ದರಂತೆ ಕಂಪೆನಿಯ ಕಪಾಟಿನಲ್ಲಿ, ಕಂಪೆನಿಗೆ ಬೀಗ, ಬೀಗದ ಕೈಯ ಯಜಮಾನ ಎಲ್ಲಿಗೋ ಹೋಗಿದ್ದ. ಪಾಸ್‌ಪೋರ್ಟು ಕೈಗೆ ಬರುವ ಹೊತ್ತಿಗೆ ಮಗುವನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು. ಈ ಸುದ್ದಿ ನನಗೆ ಸ್ಕೂಲ್ ಬಸ್ಸಿನ ಆಯಾಳಿಂದ ತಿಳಿಯಿತು. ಸ್ಟಾಫ್‌ರೂಮಿನಲ್ಲಿ ಕೂತು ಅತ್ತೆ. ಅತ್ತು ಮುಗಿಸಿ ಮುಂದಿನ ಪಿರಿಯಡಿಗೆ ಹೋಗಿ ಲಗೋರಿ ಆಡಿಸಿದೆ. ಹತ್ತು ವರ್ಷ ಹಾಗೇ ಆಡಿಸಿದೆ.

ಆಮೇಲೆ ನಾವು ದುಬೈಗೆ ಬಂದೆವು. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮನೆ. ಕೆಲಸ ಬಿಟ್ಟಿದ್ದರೂ ಚಾಳಿ ಬಿಡಬೇಕಲ್ಲ, ಸಂಜೆ ಕಟ್ಟಡಗಳ ಮಧ್ಯದ ಹುಲ್ಲಿನ ಮೇಲೆ ನೆರೆಕರೆಯ ಮಕ್ಕಳನ್ನು ಕೂಡಿಸಿಕೊಂಡು ಸೀಟಿ ಊದುತ್ತಿದ್ದೆ. ಒಂದು ಸಂಜೆ ತಲೆಗೆ ಕಪ್ಪು ಶಾಲು ಸುತ್ತಿದ ಹುಡುಗಿಯೊಬ್ಬಳು ದೂರದಲ್ಲಿ ನಿಂತು ನೋಡುತ್ತಿದ್ದಳು. ಆಟ ಮುಗಿದ ಮೇಲೆ ಹತ್ತಿರ ಬಂದು, “ಸೀಟಿ ಕೇಳಿ ಗೊತ್ತಾಯ್ತು ಟೀಚರ್. ನಾನು ಮರ್ವಾ” ಎಂದಳು. ಪಕ್ಕದ ಸಾಲಿನಲ್ಲೇ ಅವರ ಮನೆ. ಕಾಲೇಜು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ನನ್ನ ಕಣ್ಣು ತಾನಾಗಿಯೇ ಅವಳ ಗಲ್ಲದ ಮಚ್ಚೆ ಹುಡುಕಿತು. ಮಚ್ಚೆ ಇರಲಿಲ್ಲ.

ಮನೆಗೆ ಕರೆತಂದೆ. ಸೋಫಾದಲ್ಲಿ ಕೂರಿಸಿ, “ಚಾ ಬೇಕಾ, ಕಾಫಿ ಬೇಕಾ?” ಎಂದೆ.

“ಹಾಗೆ ಕೇಳ್ಬೇಡಿ ಟೀಚರ್” ಎಂದಳು ಮರ್ವಾ. ನಗುತ್ತಾಳೆಂದುಕೊಂಡು ನೋಡಿದರೆ ನಗುತ್ತಿರಲಿಲ್ಲ.

ನಾನೇ ಚಾ ಮಾಡಿ ತಂದಿಟ್ಟೆ. ಅವಳು ಮುಟ್ಟಲಿಲ್ಲ. “ಒಂದು ಕೇಳ್ಲಿಕ್ಕುಂಟು. ಉಮ್ಮನ ಹತ್ರ ಇಷ್ಟರವರೆಗೆ ಹೇಳ್ಲಿಲ್ಲ” ಎಂದು ಶುರುಮಾಡಿದಳು.

“ಯಾರು ಊರಿಗೆ ಹೋಗುದು ಅಂತ ನೀವೇ ಹೇಳಿ ಅಂತ ಉಮ್ಮ ಬಿಟ್ಟಿದ್ರು. ನಾನು ಹೋಗ್ತೇನೆ ಅಂತ ಅವಳು, ನಾನು ಹೋಗ್ತೇನೆ ಅಂತ ನಾನು. ರಾತ್ರಿಯಿಡೀ ಜಗಳ. ಇಬ್ಬರಿಗೂ ಹೋಗ್ಲಿಕ್ಕೆ ಹೆದರಿಕೆ, ಇನ್ನೊಬ್ಬಳನ್ನು ಕಳಿಸ್ಲಿಕ್ಕೂ ಹೆದರಿಕೆ. ಕೊನೆಗೆ ಪಿ.ಟಿ. ಪಿರಿಯಡಲ್ಲಿ ನೋಡುವಾ ಅಂತ ಆಯ್ತು. ಕೊನೆಯ ಸೀಟಿಗೆ ಯಾರು ನೀಲಿಯಲ್ಲಿ ಇರ್ತಾರೋ ಅವರು ಊರಿಗೆ. ಯಾರೂ ಯಾರನ್ನೂ ಕಳಿಸಿದ ಹಾಗೆ ಆಗುದಿಲ್ಲ ಅಲ್ವಾ?”

ನನ್ನ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟೆ.

“ನಾನು ನೀಲಿಗೆ ಹೋದದ್ದು ನೆನಪುಂಟು. ಅಬ್ಬಾ, ಮುಗೀತು, ನಾನೇ ಹೋಗುದು, ಪರವಾಗಿಲ್ಲ ಅಂತ ಅನಿಸಿದ್ದೂ ನೆನಪುಂಟು. ಕೊನೆಗೆ ನೋಡಿದ್ರೆ ನನ್ನ ಕೊರಳಲ್ಲಿ ಹಳದಿ. ನಡುವೆ ಏನಾಯ್ತು ಅಂತ ಸರಿಯಾಗಿ ನೆನಪಿಲ್ಲ ಟೀಚರ್. ಕನಸಲ್ಲಿ ಯಾವಾಗ್ಲೂ ನಾನೇ ಗೆರೆ ದಾಟಿ ಓಡಿ ಬರ್ತೇನೆ, ಅವಳ ಪಟ್ಟಿ ಕಸ್ಕೊಳ್ತೇನೆ. ಆಟ ಅಂದ್ರೆ ಆಟ, ಹೋಗು ನೀನು, ಅಂತ ಅವಳು ಬ್ಯಾರಿಯಲ್ಲಿ ಹೇಳ್ತಾಳೆ. ಹತ್ತು ವರ್ಷದಿಂದ ಅದೇ ಕನಸು.” ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. “ನೀವು ಬದಲಾಯಿಸಿದ್ದಾ ಟೀಚರ್, ನಾನೇ ಓಡಿ ಬಂದದ್ದಾ?”

ನೆನಪಿಲ್ಲ ಎನ್ನಬಹುದಿತ್ತು. ಹತ್ತು ವರ್ಷ ಹಿಂದಿನ ಒಂದು ಪಿ.ಟಿ. ಪಿರಿಯಡ್ ಯಾರಿಗೆ ನೆನಪಿರುತ್ತದೆ? ನಾನು ಸಾವಿರಾರು ಮಕ್ಕಳನ್ನು ಆಚೀಚೆ ಮಾಡಿದವಳು. ಹಾಗೆಂದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ, ಅವಳು ಕನಸು ಕಾಣುತ್ತ ಇರುತ್ತಿದ್ದಳು. ಈಗ ಚಾ-ಕಾಫಿಗೂ ತಡವರಿಸುವ ನಾನು ಅಂದು ಮರ್ವಾಳಿಗೆ ಉತ್ತರ ಹೇಳಲು ಒಂದು ಕ್ಷಣವೂ ತಡಮಾಡಲಿಲ್ಲ.

“ನೀನು ಓಡಲಿಲ್ಲ. ನಿನ್ನ ರಟ್ಟೆ ಹಿಡಿದು ಎಳೆದದ್ದು ನಾನು. ಅವಳ ಪಟ್ಟಿ ತೆಗೆದದ್ದೂ ನಾನೇ. ನೀನು ಬೇಡ ಅಂದಿದ್ದೆ. ಎರಡು ಸಲ ಅಂದಿದ್ದೆ. ಪ್ಲೀಸ್ ಅಂದಿದ್ದೆ.”

“ಖಂಡಿತಾ?”

“ಖಂಡಿತಾ.”

ಅವಳು ತನ್ನ ಎಡ ರಟ್ಟೆಯನ್ನು ಬಲಗೈಯಿಂದ ಹಿಡಿದುಕೊಂಡಳು. ಚಾ ಕೆನೆಗಟ್ಟಿತು. ನಾನು ಕ್ಷಮಿಸು ಎನ್ನಲಿಲ್ಲ. ಆ ಮಾತನ್ನು ಯಾರ ಹತ್ತಿರ ಹೇಳಬೇಕಿತ್ತೋ ಅವಳು ಉಪ್ಪಿನಂಗಡಿಯ ಮಣ್ಣಿನಲ್ಲಿದ್ದಳು. ಆಮೇಲೆ ಮರ್ವಾ ಎದ್ದು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

“ಹಾಗಾದ್ರೆ ನಾನಲ್ಲ” ಎಂದಳು, ನನಗಲ್ಲ, ತನಗೇ ಹೇಳಿಕೊಳ್ಳುವವಳಂತೆ. ಮೆಟ್ಟಿಲಿಳಿಯುವಾಗ ಇನ್ನೊಮ್ಮೆ ಅದನ್ನೇ ಹೇಳಿದ್ದು ಕೇಳಿಸಿತು. ಮತ್ತೆ ಅವಳು ನಮ್ಮ ಮನೆಗೆ ಬರಲಿಲ್ಲ. ಹುಲ್ಲಿನ ಮೇಲೆ ಮಕ್ಕಳು ಒಂದು ವಾರ ನನ್ನನ್ನು ಕಾದು ಆಮೇಲೆ ತಾವೇ ಆಡಿಕೊಂಡರು.

ಹಾಗಾದರೆ ನೀವು, ಎಂಬ ಉಳಿದರ್ಧ ಮಾತನ್ನು ಅವಳು ಹೇಳದೆ ಹೋದಳು. ಅದು ಅವಳ ಒಳ್ಳೆಯತನ. ಅಂದಿನಿಂದ ಅದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ.